ಭೂಮಿ ‘ಅಲ್ಲ’ ಎಂದು ಆಡಿದ್ದು

ಕಡರನಾಯಕನಹಳ್ಳಿ
೯-೨-೧೯೬೩

ಅಕ್ಕಾ, ನಮಸ್ಕಾರ.

ಊರೂರು ಅಲೆದು ಹೆಣ್ಣು ನೋಡಿ ಸಾಕಾಗಿದೆ. ಹರಿಹರದ ಬಳಿಯ ಈ ಹಳ್ಳಿಯಲ್ಲೂ ನಿನ್ನೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತೆ. ಹುಡುಗಿ ನಾಗರತ್ನ ಕಾಫಿ ಕೊಟ್ಟಳೋ ಇಲ್ಲವೋ, ಸಣ್ಣದೊಂದು ಭೂಕಂಪ! ಹೆಂಚು ಗಲಗಲ ಎಂದವು, ಎಲ್ಲರೂ ಅಂಗಳಕ್ಕೆ ಓಡಿದರು. ಯಾರಿಗೂ ಪೆಟ್ಟಾಗಲಿಲ್ಲ.

ಒಳಗೆ ಬಂದ ಅವಳ ಅಜ್ಜಿ ಉಚ್ಚಂಗಮ್ಮ, “ನೆಲಾನ ಅಲ್ಲಾಡ್ತು, ಈ ಸಂಬಂಧ ಬ್ಯಾಡ” ಎಂದರು. ಭೂಮಿಯೇ ‘ಅಲ್ಲ’ ಎಂದು ಆಡಿದ ಮೇಲೆ ಇನ್ನೇನು, ಈ ಹೆಣ್ಣೂ ಕೈತಪ್ಪಿತು ಎಂದುಕೊಂಡೆ.

ನಾಗರತ್ನ ಬಿಡಲಿಲ್ಲ: “ನೆಲ ಅಲ್ಲಾಡಿದ್ರೂ ಇವ್ರು ಅಲ್ಲಾಡ್ಲಿಲ್ಲ ನೋಡಜ್ಜಿ. ನನಗೆ ಒಪ್ಪಿಗೆ ಐತೆ.”

ಮದುವೆ ಗೊತ್ತಾಯಿತು. ಅಸಲಿಗೆ ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು, ಏಳಲಾಗಲಿಲ್ಲ. ಇದನ್ನು ನೀನೂ, ಕಾರ್ಡು ಓದುವ ಅಂಚೆಯವನೂ ಯಾರಿಗೂ ಹೇಳಬೇಡಿ.

ನಿನ್ನ ಅಚಲ ತಮ್ಮ