ಕಾರಿನ ಶೆಡ್ಡಿನ ಹತ್ತಿರ ನಿಂತವನಿಗೆ

ದೀಕ್ಷಿತ್,

ಮೊನ್ನೆ ಸಂಜೆ ನಮ್ಮ ಕಾರಿನ ಶೆಡ್ಡಿನ ಹತ್ತಿರ ನಿಂತಿದ್ದವನು ನೀನೇ ಎಂದು ನನಗೆ ಗೊತ್ತು. ಅದಕ್ಕೇ ಈ ಕಾಗದ. ಫೋನ್ ಮಾಡಿದರೆ ‘ಎಸ್ಟೇಟಲ್ಲಿ ನೆಟ್‌ವರ್ಕ್ ಸಿಗಲ್ಲ ಅತ್ಗೆ’ ಎಂದುಬಿಡುತ್ತೀಯ. ಕಾಗದವನ್ನಾದರೆ ನಡುವೆ ಕಟ್ ಮಾಡಲಾಗುವುದಿಲ್ಲ, ಪೂರ್ತಿ ಓದು.

ಮೊದಲು ನೋಡಿದ್ದು ಅಶ್ವಿತಾ. ಕಾಲೇಜಿಗೆ ಹೋಗುವ ಹುಡುಗಿ, ಯಾವುದಕ್ಕೂ ಹೆದರುವವಳಲ್ಲ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಗೆ ಬಂದು ಚಿಕ್ಕ ಮಗುವಿನಂತೆ ನನ್ನ ಸೆರಗು ಹಿಡಿದುಕೊಂಡಳು. ‘ಅಮ್ಮ, ಅಪ್ಪ ಕಾರ್ ಹತ್ರ ನಿಂತವ್ರೆ’ ಎಂದಳು. ಹೋದವರು ಬರುತ್ತಾರೇನೇ ಹುಚ್ಚು ಹುಡುಗಿ ಎಂದು ಬೈಯಬೇಕಿತ್ತು, ಬೈಯಲಿಲ್ಲ. ಆ ಶೆಡ್ಡಿನಿಂದ ಕಾರು ಸ್ಟಾರ್ಟ್ ಮಾಡುವ ಸದ್ದು ವರ್ಷದಿಂದ ನನ್ನ ಕಿವಿಗೂ ಬೀಳುತ್ತಿದೆ. ಒಲೆ ಆರಿಸದೆ ಹೊರಗೆ ಓಡಿದೆ. ಮಂಜಿನಲ್ಲಿ ನಿಮ್ಮಣ್ಣನದೇ ಬೆನ್ನು, ಅದೇ ಖಾಕಿ ಜರ್ಕಿನ್, ಒಂದು ಕಡೆಗೆ ಇಳಿದ ಅದೇ ಭುಜ. ‘ರೀ’ ಎಂದೆ. ಬೆನ್ನು ತಿರುಗಲಿಲ್ಲ. ಕಾಫಿ ಗಿಡಗಳ ಮಧ್ಯೆ ಇಳಿದು ಹೋಯಿತು.

ಟಾರ್ಚ್ ತಂದು ನೋಡಿದರೆ ಕೆಸರಿನಲ್ಲಿ ಗಮ್‌ಬೂಟಿನ ಗುರುತು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಆ ಜರ್ಕಿನ್ನನ್ನು ನಾನೇ ನಿನಗೆ ಕೊಟ್ಟಿದ್ದು ಆಗ ನೆನಪಾಯಿತು. ಅವರಲ್ಲವಲ್ಲ ಎಂದು ಅಲ್ಲೇ ಅತ್ತೆ. ಅತ್ತು ಮುಗಿದ ಮೇಲೆ ನಿನ್ನ ಮೇಲೆ ಬಂದ ಸಿಟ್ಟನ್ನು ಏನೆಂದು ಬರೆಯಲಿ. ಸಿದ್ದಾಪುರದಿಂದ ಕೊಡ್ಲಿಪೇಟೆಗೆ ಬಸ್ ಮೇಲೆ ಬಸ್ ಹತ್ತಿ ಬರುತ್ತೀಯ, ಹುಟ್ಟಿದ ಮನೆಯ ಹಿತ್ತಲಲ್ಲಿ ಕಳ್ಳನ ಹಾಗೆ ನಿಲ್ಲುತ್ತೀಯ, ಅಣ್ಣನ ಮಗಳನ್ನು ಹೆದರಿಸಿ ಹೋಗುತ್ತೀಯ. ಒಂದು ಲೋಟ ಕಾಫಿ ಕುಡಿದು ಹೋಗುವಷ್ಟು ನಂಟೂ ಉಳಿದಿಲ್ಲವೇ?

ನೀನು ಯಾಕೆ ಒಳಗೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ಇದುವರೆಗೆ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ. ಇವತ್ತು ನಾನು ಆಡುತ್ತೇನೆ.

ಮಾವನ ಕಾಲದ ಆ ಕಾರು ಏರಿನಲ್ಲಿ ಹೊಗೆ ಕಾರುತ್ತಾ ತಿಣುಕುತ್ತಿತ್ತು. ಎಂಜಿನ್ ಸವೆದಿದೆ, ಒಳಗಿನ ಹೊಗೆ ಹೊರಗೆ ಬಿಡುವ ಬ್ರೀದರ್ ಪೈಪಿನಲ್ಲಿ ಎಣ್ಣೆಯೂ ಬಂದು ಏರ್ ಫಿಲ್ಟರ್ ನೆನೆದುಹೋಗುತ್ತಿದೆ ಎಂದು ನೀನು ಹೇಳಿದೆ. ಪೈಪಿನ ಮಧ್ಯೆ ಒಂದು ಬಾಟಲಿ ಕೂರಿಸಿದೆ. ಹೊಗೆ ಬಾಟಲಿಗೆ ಬಂದು, ಎಣ್ಣೆ ತಳದಲ್ಲಿ ಉಳಿದು, ಬರಿಯ ಗಾಳಿ ಮುಂದೆ ಹೋಗಬೇಕು, ಅಷ್ಟೇ. ಎಣ್ಣೆ ಚೆನ್ನಾಗಿ ತಡೆಯಲಿ ಎಂದು ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ನನ್ನ ಅಡುಗೆಮನೆಯಿಂದಲೇ ಎತ್ತಿಕೊಂಡು ಹೋಗಿ ಅದರೊಳಗೆ ತುಂಬಿದೆ. ನಾನು ಬೈದೆ, ನಿಮ್ಮಣ್ಣ ನಕ್ಕರು. ‘ಹದ್ನೈದು ದಿನಕ್ಕೊಂದ್ಸಲ ಬಾಟ್ಲಿ ಖಾಲಿ ಮಾಡಣ್ಣ, ಮರೀಬೇಡ’ ಎಂದು ನೀನು ಹೇಳಿದ್ದೂ ನೆನಪಿದೆ. ಬೇಸಿಗೆಯೆಲ್ಲ ಕಾರು ಹೊಸದರ ಹಾಗೆ ಓಡಿತು.

ಮಳೆಗಾಲದ ಆ ಬೆಳಿಗ್ಗೆ ಅವರಿಗೆ ಎದೆ ಹಿಡಿದ ಹಾಗಾಯಿತು. ‘ಗ್ಯಾಸ್ ಕಣೇ, ಡಾಕ್ಟ್ರಿಗೆ ತೋರಿಸ್ಕಂಡು ಬತ್ತೀನಿ’ ಎಂದು ಒಬ್ಬರೇ ಹೊರಟರು. ದಾರಿಯ ಮಧ್ಯೆ ಎಂಜಿನ್ನಿನಿಂದ ಹೊಗೆ ಎದ್ದು ಕಾರಿನೊಳಗೆಲ್ಲ ತುಂಬಿತು. ನಿಲ್ಲಿಸಿ ಇಳಿದು ಬಾನೆಟ್ ತೆರೆದಿದ್ದಾರೆ. ಹಾಲಿನ ವ್ಯಾನಿನವನು ನೋಡಿದಾಗ ಚಕ್ರಕ್ಕೆ ಒರಗಿ ಕೂತಿದ್ದರಂತೆ, ಎಂಜಿನ್ನಿನಿಂದ ಕಿತ್ತ ಪೈಪು ಕೈಯಲ್ಲೇ ಇತ್ತಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಕಾರು ನಿಲ್ಲದೆ ನೇರವಾಗಿ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಡಾಕ್ಟರನ್ನು ಕೇಳಿದೆ. ‘ಹೇಳೋಕಾಗಲ್ಲಮ್ಮ’ ಎಂದರು. ನೀನು ನನ್ನ ಹಿಂದೆಯೇ ನಿಂತಿದ್ದೆ.

ಆ ಒಂದು ಮಾತಿನ ಮೇಲೆ ನಾನೊಂದು ಕಡೆ, ನೀನೊಂದು ಕಡೆ ವರ್ಷ ಕಳೆದಿದ್ದೇವೆ. ನೀನು ನಡೆಸುತ್ತಿದ್ದ ಗ್ಯಾರೇಜಿಗೆ ಬೀಗ ಹಾಕಿದೆ. ಸ್ಪ್ಯಾನರ್ ಹಿಡಿದ ಕೈಯಲ್ಲಿ ಪೆನ್ನು ಹಿಡಿದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದೆ. ಎಂಜಿನ್ ಕೆಟ್ಟರೆ ಬಗ್ಗಿಯೂ ನೋಡುವುದಿಲ್ಲವಂತೆ, ಅಲ್ಲಿನ ಕೂಲಿ ಲೈನಿನಲ್ಲಿರುವ ನಮ್ಮೂರಿನ ಹೆಂಗಸೊಬ್ಬಳು ಹೇಳಿದಳು. ನಾನು ಇಲ್ಲಿ ಕಾರಿಗೆ ಟಾರ್ಪಾಲ್ ಹೊದಿಸಿ ಅದರ ಕಡೆ ಬೆನ್ನು ಹಾಕಿ ಬಟ್ಟೆ ಒಗೆಯುತ್ತೇನೆ. ಬಸ್ಸಿನಲ್ಲಿ ಹೋಗುವಾಗ ಅವರ ಕಾರು ನಿಂತ ಆ ತಿರುವು ಬಂದರೆ ಕಣ್ಣು ಮುಚ್ಚುತ್ತೇನೆ. ಮುಚ್ಚಿದ ಕಣ್ಣಿಗೇ ಅವರು ಹೆಚ್ಚು ಚೆನ್ನಾಗಿ ಕಾಣುತ್ತಾರೆ.

ಮೊನ್ನೆ ನೀನು ಓಡಿಹೋದ ಮೇಲೆ ನನಗೆ ಹಟ ಬಂತು. ನಿನ್ನ ಗ್ಯಾರೇಜಿನಲ್ಲಿ ಕೆಲಸ ಕಲಿತ ಹುಡುಗ ಚಿಕ್ಕನನ್ನು ಕರೆಸಿ ಟಾರ್ಪಾಲ್ ತೆಗೆಸಿದೆ. ಏನಾಗಿತ್ತು ಎಂದು ನನ್ನ ಕಣ್ಣಿಗೆ ತೋರಿಸು ಎಂದೆ. ನಿಜ ಹೇಳುತ್ತೇನೆ, ನಿಮ್ಮಣ್ಣ ಬಾಟಲಿ ಖಾಲಿ ಮಾಡಲು ಮರೆತಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ತಪ್ಪು ಅವರದಾಗಿದ್ದರೆ ಎಷ್ಟು ಸುಲಭವಾಗಿತ್ತು. ಹೋದವರ ಮೇಲೆ ಹಾಕಿ ನಾವಿಬ್ಬರೂ ಹಗುರಾಗಬಹುದಿತ್ತು.

ಅವನು ಬೇರೆ ಬ್ಯಾಟರಿ ತಂದು, ನಿಮ್ಮಣ್ಣ ಕಿತ್ತ ಪೈಪನ್ನು ಮತ್ತೆ ಸೇರಿಸಿ ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿಗೆ ಒಳಗಿನ ಒತ್ತಡಕ್ಕೆ ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದು ಬಂತು. ಎಂಜಿನ್ನಿನ ತಲೆಯ ಅಂಚಿನಿಂದ ಎಣ್ಣೆ ಜಿನುಗಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಅದೇ ಹೊಗೆ ಎದ್ದಿತು. ಬಾಟಲಿಯ ಪೈಪು ಕಿತ್ತೊಡನೆ ಎಲ್ಲ ಸುಮ್ಮನಾಯಿತು. ಬಾಟಲಿ ಬಿಚ್ಚಿದರೆ ತಳದಲ್ಲಿ ಎಣ್ಣೆಯೇ ಇರಲಿಲ್ಲ. ನಿಮ್ಮಣ್ಣ ನೀನು ಹೇಳಿದಂತೆ ಖಾಲಿ ಮಾಡುತ್ತಲೇ ಇದ್ದರು ದೀಕ್ಷಿತ್. ಕಟ್ಟಿಕೊಂಡಿದ್ದು ಮೇಲೆ ನೀನು ತುರುಕಿದ ನಾರು. ನಮ್ಮ ಮಳೆಗಾಲದ ತಂಡಿಗೆ ಎಂಜಿನ್ನಿನ ಆವಿ ಎಣ್ಣೆಯ ಜೊತೆ ಸೇರಿ ಬೆಣ್ಣೆಯಂತೆ ಬಿಳಿಯಾಗಿ ಅದರಲ್ಲಿ ಮೆತ್ತಿಕೊಂಡಿತ್ತು. ಅವನು ಬಾಯಿಟ್ಟು ಊದಿದ, ಗಾಳಿ ಆಚೆಗೆ ಹೋಗಲಿಲ್ಲ.

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. ಆಮೇಲೆ, ‘ಅಕ್ಕ, ಬಾಟ್ಲಿ ತುಂಬಿ ಕಟ್ಕಂಡಿತ್ತು ಅಂತ್ಲೇ ಹೇಳಿ ದೀಕ್ಷಿತಣ್ಣಂಗೆ. ಯಾರ್ ನೋಡವ್ರೆ. ಪಾಪ, ಬದ್ಕಂಡೋಗ್ಲಿ’ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ರಾತ್ರಿಯೆಲ್ಲ ನಾನೂ ಆ ಸುಳ್ಳನ್ನು ಮನಸ್ಸಿನಲ್ಲೇ ಬರೆದು ಬರೆದು ನೋಡಿದೆ. ಆಗಲಿಲ್ಲ. ಸತ್ತ ಗಂಡನ ತಲೆಗೆ ಅವರು ಮಾಡದ ತಪ್ಪನ್ನು ಕಟ್ಟಿ ನಿನ್ನನ್ನು ಮನೆಗೆ ಕರೆಸಿಕೊಂಡರೆ, ನೀನು ಉಣ್ಣುವ ಪ್ರತಿ ತುತ್ತಿಗೂ ಅವರು ನನ್ನನ್ನು ನೋಡುತ್ತಾ ಕೂರುತ್ತಾರೆ.

ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ನಿನ್ನ ಕೆಲಸ ಸರಿಯಿರಲಿಲ್ಲ. ನಾರನ್ನು ಅಷ್ಟು ಬಿಗಿಯಾಗಿ ತುಂಬಬಾರದಿತ್ತು, ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿ ನೋಡಬೇಕಿತ್ತು. ಪೈಪು ಕಿತ್ತ ಆ ಗಳಿಗೆಯಲ್ಲಿ ಅವರಿಗೂ ತಿಳಿದಿರಬೇಕು, ಏನಂದುಕೊಂಡರೋ ನನಗೆ ಗೊತ್ತಿಲ್ಲ. ಅವರು ಉಳಿಯುತ್ತಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ನೀನು ನಿಮ್ಮಣ್ಣನಿಗೆ ಕೆಟ್ಟದ್ದು ಬಯಸಿದವನಲ್ಲ, ಇದು ಮಾತ್ರ ಚೆನ್ನಾಗಿ ಗೊತ್ತು. ತಪ್ಪು ಮಾಡಿದವನು ಅಂತ ಗೊತ್ತಿದ್ದೇ ನಿನ್ನನ್ನು ಮನೆಗೆ ಕರೆಯುತ್ತಿದ್ದೇನೆ. ಮಾಡದವನನ್ನು ಕರೆಯುವುದು ಯಾರಿಗೂ ಕಷ್ಟವಲ್ಲ.

ಪಿತೃಪಕ್ಷ ಬರುತ್ತಿದೆ. ಹೋದವರಿಗೆ ಎಡೆ ಇಡುತ್ತೇವೆ, ಬಾಗಿಲು ಹಾಕಿಕೊಂಡು ಅವರು ಉಂಡು ಹೋಗಲಿ ಎಂದು ಆಚೆ ಕಾಯುತ್ತೇವೆ. ಬದುಕಿರುವವನು ದೆವ್ವದ ಹಾಗೆ ಹಿತ್ತಲಲ್ಲಿ ಸುಳಿದರೆ ಅವನಿಗೆ ಏನಿಡಲಿ? ನಿಮ್ಮಣ್ಣನ ಎಡೆ ಒಡಹುಟ್ಟಿದವನ ಕೈಯಿಂದಲೇ ಆಗಬೇಕು. ಹಗಲು ಹೊತ್ತಿನಲ್ಲಿ, ಮುಂಬಾಗಿಲಿನಿಂದ ಬಾ. ಊರಿನವರು ಏನಾದರೂ ಅಂದರೆ ಉತ್ತರ ಹೇಳಲು ನಾನಿದ್ದೇನೆ, ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಇನ್ನೊಂದು ಮಾತು. ಹೊಸ ಬಾಟಲಿ ಹಾಕಿ ಕೊಡುತ್ತೇನೆ ಎಂದು ಚಿಕ್ಕ ಅಂದ, ನಾನು ಬೇಡವೆಂದು ಕಳಿಸಿದೆ. ಕಾರು ಬಿಚ್ಚಿದ ಹಾಗೆಯೇ ನಿಂತಿದೆ. ಅಶ್ವಿತಾ ಡ್ರೈವಿಂಗ್ ಕಲಿತಿದ್ದಾಳೆ, ಅಪ್ಪನ ಕಾರನ್ನೇ ಓಡಿಸಬೇಕಂತೆ. ಬಂದು ಸರಿ ಮಾಡು. ಬೇರೆ ಯಾರು ಸರಿ ಮಾಡಿದರೂ ಅದರಲ್ಲಿ ಅವಳನ್ನು ಕೂರಿಸುವುದಿಲ್ಲ, ನೀನು ಸರಿ ಮಾಡಿದರೆ ಕೂರಿಸುತ್ತೇನೆ.

ನಿನ್ನ ಕೈಗೆ ಒಳ್ಳೆಯದಾಗಲಿ, ಕಣ್ಣಿಗೆ ನಿದ್ದೆ ಬರಲಿ.

ನಿನ್ನ ಅತ್ತಿಗೆ,
ಪವಿತ್ರಾ