ಕಬ್ಬು ಮುಟ್ಟದ ಮಗು

ಚಿನ್ನಾಳಪಟ್ಟಿ
3 ಮಾರ್ಚ್ 2024

ಅವ್ವಾ,

ನಿನ್ನ ಮಗಳು ಜೆಯಂತಿಯ ನಮಸ್ಕಾರ. ಇಲ್ಲಿ ಎಲ್ಲರೂ ಸೌಖ್ಯ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ ಎಂದುಕೊ. ಫೋನಿನಲ್ಲೇ ಹೇಳಬಹುದಾಗಿದ್ದ ಮಾತಿಗೆ ಕಾಗದ ಯಾಕೆ ಎಂದು ಬಯ್ಯಬೇಡ. ನಾನು ಫೋನ್ ಹಿಡಿದರೆ ಸಾಕು, ಅತ್ತೆ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ ಕಿವಿಯನ್ನು ಇತ್ತ ಕೊಡುತ್ತಾರೆ. ಈ ಮನೆಯಲ್ಲಿ ಎಲ್ಲರಿಗೂ ಕನ್ನಡ ಆಡಲು ಬರುತ್ತದೆ, ಓದಲು ಒಬ್ಬರಿಗೂ ಬರುವುದಿಲ್ಲ. ಕೊಳ್ಳೇಗಾಲದ ಶಾಲೆಯಲ್ಲಿ ಕಲಿತ ಅಕ್ಷರ ಈಗ ಉಪಯೋಗಕ್ಕೆ ಬಂತು. ಕನ್ನಡಕ ಹಾಕಿಕೊಂಡು ನೀನೇ ಓದು, ತಮ್ಮನ ಕೈಗೆ ಕೊಡಬೇಡ.

ವಿಷಯ ಎಳಿಲ್‌ನದು. ನಿನ್ನ ಮೊಮ್ಮಗ ಚೆನ್ನಾಗಿಯೇ ಇದ್ದಾನೆ, ಗಾಬರಿಯಾಗಬೇಡ. ಗಾಬರಿಯನ್ನೆಲ್ಲ ನಾನೇ ಪಟ್ಟು ಮುಗಿಸಿದ್ದೇನೆ.

ಕಾರ್ತಿಕದಲ್ಲಿ ಇವರು ಸೀರೆಗಂಟು ಹೊತ್ತು ಚಿನ್ನಮನೂರಿನ ಅಂಗಡಿಗಳಿಗೆ ಹೊರಟಾಗ ನಾನೂ ಮಗುವನ್ನು ಕರೆದುಕೊಂಡು ಹೋಗಿದ್ದೆ. ಆ ಕಡೆಯ ಕನ್ನಡದ ಒಕ್ಕಲಿಗರು ದೇವರ ಹೆಸರಿನಲ್ಲಿ ಒಂದು ದನದ ಮಂದೆ ಸಾಕುತ್ತಾರೆ. ಅವುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ. ಮಂದೆಗೆಲ್ಲ ಹಿರಿಯನಾಗಿ ಒಂದು ಪಟ್ಟದ ಹೋರಿ. ನಾವು ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ಮಂದೆ ಬಂತು. ನಾನು ಚಪ್ಪಲಿ ಬಿಟ್ಟು ಕೈ ಮುಗಿಯುವಷ್ಟರಲ್ಲಿ ಎಳಿಲ್ ಹೋರಿಯ ಮುಂದೆ ನಿಂತಿದ್ದ. ಬೀದಿನಾಯಿ ಕಂಡರೆ ನನ್ನ ಸೊಂಟ ಹತ್ತುವ ಹುಡುಗ! ಅದರ ಗಂಗೆದೊಗಲನ್ನು ನೇವರಿಸುತ್ತ ನಾಲಗೆಯಿಂದ ಲೊಟಲೊಟ ಸದ್ದು ಮಾಡಿದ. ಅಷ್ಟು ದೊಡ್ಡ ಹೋರಿ ತಲೆ ತಗ್ಗಿಸಿ ನಿಂತಿತು. ಮಂದೆ ಕಾಯುವವರು ಒಬ್ಬರ ಮುಖ ಒಬ್ಬರು ನೋಡಿದರು. ಹಾಗೆ ಕರೆಯುತ್ತಿದ್ದವನು ಪೆರಿಯಣ್ಣನ್ ಒಬ್ಬನೇ ಅಂತೆ. ಅದೇ ಮಂದೆ ಕಾಯುತ್ತಿದ್ದ ಹುಡುಗ, ಎಳಿಲ್ ಹುಟ್ಟುವ ಹಿಂದಿನ ವರ್ಷ ಹಾವು ಕಚ್ಚಿ ತೀರಿಕೊಂಡನಂತೆ. ಅವರು ನಮ್ಮ ಊರು ಕೇಳಿದರು, ಇವರು ಹೇಳಿಬಿಟ್ಟರು.

ಪೊಂಗಲ್ ಮುಗಿದ ಮರುವಾರ ಪೆರಿಯಣ್ಣನ್‌ನ ಅಪ್ಪ ಮಾಯಾಂಡಿಯವರೂ ಅವರ ವಿಧವೆ ಸೊಸೆ ಪೊನ್ನುತಾಯಿಯೂ ನಮ್ಮ ಮನೆ ಹುಡುಕಿಕೊಂಡು ಬಂದರು. ಮುದುಕರ ಹೆಗಲ ಮೇಲೆ ಒಂದು ಕಟ್ಟು ಕಬ್ಬು. ಯಾಕೆಂದರೆ, ಅವರ ಪಟ್ಟದ ಹೋರಿ ಸತ್ತರೆ ಹೊಸದನ್ನು ಆರಿಸುವುದು ಹಾಗೆ. ಹೋರಿಗಳ ಮುಂದೆ ಕಬ್ಬು ಹಿಡಿಯುತ್ತಾರೆ, ಯಾವುದು ಮೊದಲು ಬಂದು ಬಾಯಿ ಹಾಕುತ್ತದೋ ಸತ್ತದ್ದರ ಜೀವ ಅದರೊಳಗೆ ಬಂದಿದೆ ಎಂದು ಪಟ್ಟ ಕಟ್ಟುತ್ತಾರೆ. ಹೋರಿಗೆ ನಡೆಯುವುದು ಮಗುವಿಗೆ ಯಾಕೆ ನಡೆಯಬಾರದು ಎಂದು ಅವರಿಗೆ ಅನ್ನಿಸಿದೆ. ನಮ್ಮ ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕಬ್ಬು ಹಿಡಿದರು. ಕಬ್ಬು ಕಂಡರೆ ಮಕ್ಕಳು ಬಿಡುತ್ತವೆಯೇ? ಪಕ್ಕದ ಮನೆ ಸೇಕರ್‌ನ ಗುಂಡು ಮಗಳು ಎಲ್ಲರನ್ನೂ ತಳ್ಳಿಕೊಂಡು ಬಂದು ಕಚ್ಚಿದಳು. ಅವರ ಲೆಕ್ಕದಲ್ಲಿ ಪೆರಿಯಣ್ಣನ್ ಅವಳೇ ಆಗಬೇಕಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಎಳಿಲ್ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ಕೈಗೇ ಕೊಟ್ಟರೂ ಕಬ್ಬನ್ನು ಹಿಂದಕ್ಕೆ ತಳ್ಳಿದ. ಮಾಯಾಂಡಿಯವರು ನಿಟ್ಟುಸಿರು ಬಿಟ್ಟು, “ಇವ ನಮ್ಮವ ಅಲ್ಲ ತಾಯೀ. ಪೊನ್ನು, ಇನ್ನಾದ್ರೂ ಕಲ್ಯಾಣಕ್ಕೆ ಸರಿ ಅನ್ನು” ಎಂದರು. ಆಂಡಿಪಟ್ಟಿಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟಿರುವ ಮೋಹನ್‌ರಾಜ್ ಎಂಬವನು ಅವಳನ್ನು ಕೇಳುತ್ತಿದ್ದಾನಂತೆ. ಮಾವನೇ ಮುಂದೆ ನಿಂತು ಮಾಡಿಸಲು ತಯಾರು, ಅಂಥ ಒಳ್ಳೆಯ ಮನುಷ್ಯ. ಆದರೆ ಪೊನ್ನುತಾಯಿ ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದಳು. “ಅವ್ರು ಒಂದ್ ದಿನಾನೂ ಕಬ್ಬು ಬಾಯಿಗಿಕ್ಕಿಲ್ಲ ಅಕ್ಕಾ. ದೇವ್ರ ಹೋರಿಗೆ ನೀಡೋದು, ನಮಗೆ ವೇಂಡಾಂ ಅನ್ನೋರು” ಎಂದಳು. ಮಾವನಿಗೆ ಇವನಲ್ಲ ಎಂದು ತೋರಿಸಿದ ಪರೀಕ್ಷೆಯೇ ಸೊಸೆಗೆ ಇವನೇ ಎಂದು ತೋರಿಸಿತ್ತು.

ಅವ್ವಾ, ಎಳಿಲ್‌ಗೆ ಆಗ ಹಲ್ಲುನೋವು. ಇಡ್ಲಿಯನ್ನೂ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದ. ಇದನ್ನು ಹೇಳಿಬಿಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಅವಳ ಮುಖ ನೋಡಿದೆ, ನಾಲಗೆ ಏಳಲಿಲ್ಲ.

ಆಮೇಲೆ ಅವಳೊಬ್ಬಳೇ ಬರತೊಡಗಿದಳು. ಎರಡು ಬಸ್ಸು ಹತ್ತಿ ಇಳಿದು ಬರುವಳು. ಮಗುವನ್ನು ಮುಟ್ಟುವಳಲ್ಲ, ಎತ್ತಿಕೊಳ್ಳುವಳಲ್ಲ. ಗಂಡನ ಎದುರು ಕೂರುವ ಹಾಗೆ ಗೋಡೆಗೆ ಒರಗಿ, ಸೆರಗು ಸರಿಮಾಡಿಕೊಂಡು ಕೂತಿರುವಳು. ಅವನು ಆಡುತ್ತ ಅವಳ ಕಡೆ ತಿರುಗಿದರೆ ತಲೆ ತಗ್ಗಿಸುವಳು. ಮದುವೆಯ ಮಾತು ಏನಾಯಿತು ಎಂದು ಕೇಳಿದೆ. ಗಂಡ ಉಸಿರಾಡುತ್ತಿರುವಾಗ ಇನ್ನೊಂದು ತಾಳಿ ಹೇಗೆ ಕಟ್ಟಿಸಿಕೊಳ್ಳಲಿ ಎಂದು ನನ್ನನ್ನೇ ಕೇಳಿದಳು. ಇನ್ನೂ ಮೂವತ್ತು ತುಂಬದ ಹೆಣ್ಣು.

ಇತ್ತ ಅತ್ತೆ ಪಳನಿಯಮ್ಮಾಳ್ ನನ್ನನ್ನು ಹುರಿದು ಮುಕ್ಕಿದರು. “ಹಳೇ ಜನ್ಮ ನೆನೆಸಿಕೊಂಡ ಕೂಸು ಮನೇಲಿ ನಿಲ್ಲಾದಿಲ್ಲ ಕಣೇ. ಅವಳು ಕರ್ದು ಕರ್ದು ಕೊಂಡೋಗ್ತಾಳೆ. ಬಾಗಿಲು ಹಾಕು” ಎಂದರು. ಯಾವತ್ತೂ ದನಿ ಎತ್ತದ ಇವರೂ ತಾಯಿಯ ಜೊತೆ ಸೇರಿಕೊಂಡರು. ನಾನು ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿದೆ. ಆದರೂ ಅವನು ಮಲಗಿದಾಗ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು ಅಭ್ಯಾಸವಾಯಿತು. ಮಗ್ಗದಲ್ಲಿ ಕೂತರೆ ಎಳೆ ತಪ್ಪುತ್ತಿತ್ತು. ಒಂದಿಡೀ ಸೀರೆಯ ಸೆರಗು ಬಿಚ್ಚಿ ಮತ್ತೆ ನೇಯಬೇಕಾಯಿತು.

ಬಾಗಿಲು ಹಾಕಿದರೆ ಅವಳು ಹೊರಗೆ ಕೂತು ಸವೆದುಹೋಗುತ್ತಾಳೆ, ತೆರೆದಿಟ್ಟರೆ ನನ್ನ ಮಗು ಏನಾಗುತ್ತದೋ. ಕೊನೆಗೆ ನಾನೊಂದು ಉಪಾಯ ಮಾಡಿದೆ. ಎಳಿಲ್‌ಗೆ ಕಡಲೆಮಿಠಾಯಿಯ ಆಸೆ ತೋರಿಸಿ ಒಂದು ಮಾತು ಕಲಿಸಿದೆ: “ಪೊನ್ನು, ನನಗೆ ಇಲ್ಲಿ ಸುಖವಾಗಿದೆ. ನೀನು ಕಲ್ಯಾಣ ಮಾಡ್ಕೋ.” ಮಂತ್ರ ಬಾಯಿಪಾಠ ಮಾಡಿಸುವ ಹಾಗೆ ಮಾಡಿಸಿದೆ. ಮೋಸ ಅನ್ನುತ್ತೀಯೇನೋ. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಅವಳು ಬಂದಳು. ಅತ್ತೆ ಬಾಗಿಲಿಗೆ ಕೈ ಹಾಕುವ ಮೊದಲೇ ನಾನು ಅವಳನ್ನು ಒಳಗೆ ಕರೆದೆ. ಎಳಿಲ್‌ಗೆ ಕಣ್ಣು ಸನ್ನೆ ಮಾಡಿದೆ. ಅವನು ಅವಳ ಮುಂದೆ ಹೋಗಿ ನಿಂತು ಒಂದಕ್ಷರ ಬಿಡದೆ ಹೇಳಿದ. ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಮುಗಿಯಿತು, ಮಿಠಾಯಿ ಕೇಳಲು ಬರುತ್ತಾನೆ ಎಂದು ನಾನು ಡಬ್ಬಿಗೆ ಕೈ ಹಾಕಿದೆ.

ಅವನು ಬರಲಿಲ್ಲ. ಅಲ್ಲೇ ನಿಂತು, “ಅವ ಆವಿಗೆ ಹೊಡೀತಾನ?” ಎಂದು ಕೇಳಿದ.

ನಾವು ಹಸುವಿಗೆ ಆವು ಎನ್ನುವವರಲ್ಲ, ಆ ಕಡೆಯವರು ಅನ್ನುತ್ತಾರೆ. ಅವಳ ಬಾಯಿಂದಲೇ ಕೇಳಿ ಕಲಿತಿರಬಹುದು, ಮಕ್ಕಳು ಏನು ಬೇಕಾದರೂ ಕಲಿಯುತ್ತವೆ. ಆದರೆ ಮೋಹನ್‌ರಾಜ್‌ನ ಸುದ್ದಿಯನ್ನು ಅವನ ಮುಂದೆ ಯಾರು ಆಡಿದರು, ನನಗೆ ತಿಳಿಯದು. ಪೊನ್ನುತಾಯಿ ತಲೆಯಾಡಿಸಿ, “ಇಲ್ಲ. ಹೊಡೆಯೋನಲ್ಲ” ಎಂದಳು.

“ಅಂಗಾದ್ರೆ ಹೋಗು” ಎಂದ. ಆಮೇಲೆ ತಿರುಗಿ ಬಂದು ಮಿಠಾಯಿಗೆ ಕೈ ಚಾಚಿದ.

ಅವಳು ಅಳಲಿಲ್ಲ ಅವ್ವಾ. ಎದ್ದು, ಮೊದಲ ಸಲ ಅವನ ಕೆನ್ನೆ ಮುಟ್ಟಿ, ಅತ್ತೆಗೆ ನಮಸ್ಕಾರ ಮಾಡಿ ಹೊರಟಳು. ನಿನ್ನೆ ಅವಳ ಮಾವನ ಫೋನ್ ಬಂದಿತ್ತು, ಚಿತ್ತಿರೈ ತಿಂಗಳಲ್ಲಿ ಮದುವೆಯಂತೆ. ಅತ್ತೆ ಮಗುವಿಗೆ ದೃಷ್ಟಿ ತೆಗೆದು ಪಾಯಸ ಮಾಡಿದರು. ಅವನು ಎರಡು ಸಲ ಹಾಕಿಸಿಕೊಂಡು ತಿಂದ. ನಾನು ಒಬ್ಬಳೇ ಒಂದು ತುತ್ತೂ ನುಂಗಲಾರದೆ ಕೂತಿದ್ದೆ. ಇಷ್ಟು ದಿನ ನಾನು ಬಾಚಿದ್ದು ಯಾರ ತಲೆ, ಊಡಿದ್ದು ಯಾರ ಬಾಯಿಗೆ ಎಂದು ಯೋಚನೆ ಹತ್ತಿತ್ತು. ಅಷ್ಟರಲ್ಲಿ ಅವನು ಬಂದು ನನ್ನ ಮಡಿಲಲ್ಲಿ ಮಲಗಿದ. ಯಾರಾದರೂ ಆಗಿರಲಿ, ಮಲಗಿದ್ದು ನನ್ನ ಮಡಿಲಲ್ಲಿ.

ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ, ತಪ್ಪದೆ ಹಚ್ಚಿಕೊ.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ಜೆಯಂತಿ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಎಲ್ಲರೂ ಬಾಗಿಲು ಹಾಕು ಎನ್ನುವಾಗ ನೀನು ಯಾಕೆ ತೆರೆದೆ ಎಂದು ಕೇಳೇ ಕೇಳುತ್ತೀಯ. ನಾನು ಎಳಿಲ್‌ನಷ್ಟಿದ್ದಾಗ ನಮ್ಮ ಬೀದಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಅವಳು ಜಗಲಿಯನ್ನೂ ಹತ್ತುತ್ತಿರಲಿಲ್ಲ, ಆದರೂ ನೀನು ನನ್ನನ್ನು ಒಳಗೆ ತಳ್ಳಿ ಚಿಲಕ ಹಾಕುತ್ತಿದ್ದೆ. ಅವಳು ಆಚೆಯಿಂದ ಒಂದು ಹೆಸರು ಕರೆಯುವಳು. ಅದು ನನ್ನ ಹೆಸರಲ್ಲ. ಆದರೂ ನಾನು ಓಗೊಡಲು ಹೋಗುತ್ತಿದ್ದೆ, ನೀನು ನನ್ನ ಬಾಯಿ ಮುಚ್ಚುತ್ತಿದ್ದೆ. ಯಾಕೆ ಎಂದು ಈಗ ಗೊತ್ತಾಗಿದೆ, ನನಗೆ ಕೋಪವಿಲ್ಲ. ಆ ಹೆಸರು ಮಾತ್ರ ಎಷ್ಟು ನೆನೆದರೂ ಬರುತ್ತಿಲ್ಲ, ಬರೆದು ಕಳಿಸು. ಅವಳಿಗೆ ನಾನು ಹೋಗು ಎಂದು ಹೇಳಲೇ ಇಲ್ಲ. ಅವಳು ಬದುಕಿದ್ದಾಳಾ ಅವ್ವಾ?