ಶನಿವಾರದ ಸಹಿ

ಅಮ್ಮಾ,

ನಮ್ಮ ಮಕ್ಕಳ ವಾರ್ಡಿಗೆ ನಿನ್ನಷ್ಟೇ ಹಟದ ಅಜ್ಜಿಯೊಬ್ಬರು ಬಂದಿದ್ದಾರೆ. ಹೆಸರು ಮೂಕಾಂಬಿಕಾ, ರಿಪ್ಪನ್‌ಪೇಟೆಯವರು. ಮೊಮ್ಮಗಳಿಗೆ ನ್ಯುಮೋನಿಯಾ. ಇನ್ನೂ ಮೂರು ದಿನದ ಇಂಜೆಕ್ಷನ್ ಬಾಕಿ ಇರುವಾಗಲೇ, ಶನಿವಾರ ಬೆಳಿಗ್ಗೆ, ಚೀಲ ಕಟ್ಟಿ ನಿಂತರು.

"ಜ್ವರ ಬಿಡ್ತಲ್ಲ ಸಿಸ್ಟರೇ, ಇನ್ನೆಂತಕ್ಕೆ ಇಲ್ಲಿರೋದು? ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಡಾಕ್ಟರು ಬೈದರು, ಕೇಳಲಿಲ್ಲ. ಎಕ್ಸ್-ರೇ ತೋರಿಸಿದರೆ, "ಫೋಟೋ ಸರಿ ಬಂದಿಲ್ಲ" ಅಂದರು. ಕೊನೆಗೆ ನಾನೇ, ಡಾಕ್ಟರ ಮಾತು ಮೀರಿ ಸ್ವಂತ ಜವಾಬ್ದಾರಿಯಲ್ಲಿ ಹೋಗುತ್ತೇವೆ ಎಂಬ ಕಾಗದ ಚಾಚಿ ಹೇಳಿದೆ: "ಹಾಕಿ ಅಜ್ಜಿ. ಆದ್ರೆ ಶನಿವಾರ ಆಸ್ಪತ್ರೆ ಬಿಟ್ಟೋರು ಮತ್ತೆ ಇಲ್ಲಿಗೇ ಬರ್ತಾರಂತಲ್ಲ?"

ಅಜ್ಜಿ ಪೆನ್ನು ಕೆಳಗಿಟ್ಟರು. "ಇದನ್ನ ಮೊದ್ಲೇ ಹೇಳೋದಲ್ವಾ? ಎಂತ ಓದಿದೀರಿ ನೀವು?"

ಭಾನುವಾರ ಅಮಾವಾಸ್ಯೆ, ಸೋಮವಾರ ಪಾಡ್ಯ. ಅಷ್ಟರಲ್ಲಿ ಇಂಜೆಕ್ಷನ್ ಮುಗಿಯಿತು. ಇವತ್ತು ಡಾಕ್ಟರೇ ಮನೆಗೆ ಹೋಗಿ ಎಂದರೆ ಅಜ್ಜಿ ಮಂಚ ಬಿಟ್ಟು ಏಳುತ್ತಿಲ್ಲ. ಮಂಗಳವಾರ ಹೊರಡಬಾರದಂತೆ.

ವಾರ್ಡಿನವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ.

ನೀನು ಅಂಥದೇ ಕಾಗದಕ್ಕೆ ಸಹಿ ಹಾಕಿ ತಮ್ಮನನ್ನು ಎತ್ತಿಕೊಂಡು ಹೊರಟದ್ದು ಬುಧವಾರ. ಪಂಚಾಂಗ ನೋಡಿಯೇ ಹೊರಟಿದ್ದೆ. ಚೀಲ ಹಿಡಿದು ಬಸ್ಸಿಗೆ ಮುಂದಾಗಿ ಓಡಿದವಳು ನಾನು. ಅವನನ್ನು ಮತ್ತೆ ಆಸ್ಪತ್ರೆಗೆ ತರುವಷ್ಟು ಹೊತ್ತೂ ನಮಗೆ ಸಿಗಲಿಲ್ಲ.